ಆಕಾಶದ ಕಾಯಿದೆ, ಲಕ್ಕುಂಡಿಯ ಟಂಟಂ

ನಮ್ಮ ಕಾಕಾ ಇನ್ನೂ ಬಾಹ್ಯಾಕಾಶಕ್ಕೆ ಹೋಗಿಲ್ಲ. ಹೋಗಿದ್ದರೆ ಬೆಟಗೇರಿಯಲ್ಲಿ ನಾನು ತಲೆಯೆತ್ತಿಕೊಂಡು ಓಡಾಡುತ್ತಿದ್ದೆ.

ಐದನೆಯ ಇಯತ್ತೆಗೇ ಶಾಲೆ ಬಿಟ್ಟು, ಲಾರಿ ತೊಳೆದು, ಆಳುಗಳನ್ನು ಒಯ್ಯುವ ಮೂರು ಗಾಲಿಯ ಟಂಟಂ ಒಂದನ್ನು ಸ್ವಂತ ಮಾಡಿಕೊಂಡವನು ನಾನು. ಅದನ್ನು ಓಡಿಸಲು, ನಮ್ಮ ಮನೆಯಲ್ಲೇ ಇದ್ದ ಅಪ್ಪನ ತಮ್ಮ, ಈ ಕಾಕಾನನ್ನು ಇಟ್ಟುಕೊಂಡದ್ದು ನನ್ನದೇ ಬುದ್ಧಿ. ದುಡ್ಡು ಕೊಟ್ಟು ಆಕಾಶಕ್ಕೆ ಪ್ರವಾಸ ಹೋಗುವವರಿಗೆ ಅಮೆರಿಕದ ಸರಕಾರ ಮಾಡಿದ ಕಾಯಿದೆಗಳನ್ನು ಆತ ಮೊಬೈಲಿನಲ್ಲಿ ನೋಡಿಬಿಟ್ಟ. ರಾಕೆಟ್ಟಿನವರು ಅಪಾಯಗಳನ್ನೆಲ್ಲ ಮೊದಲೇ ಹೇಳಬೇಕಂತೆ. ಇದು ಸುರಕ್ಷಿತವೆಂದು ಸರಕಾರ ಹೇಳಿಲ್ಲ ಅನ್ನುವುದನ್ನೂ ಹೇಳಬೇಕಂತೆ. ಒಪ್ಪಿದವರು ಮಾತ್ರ ಹತ್ತಬೇಕಂತೆ.

ಮರುದಿನ ಲಕ್ಕುಂಡಿ ಕಡೆ ಕೂಲಿಗೆ ಹೊರಟ ಹೆಂಗಸರ ಮುಂದೆ ಕಾಕಾ ಕೈಕಟ್ಟಿ ನಿಂತ.

"ಯಕ್ಕಾಗೋಳ್ರ್ಯಾ, ಈ ಗಾಡಿಗೆ ಏನೂ ಆಗಂಗಿಲ್ಲ ಅಂತ ಸರಕಾರ ಹೇಳಿಲ್ಲ. ಬ್ರೇಕ್ ಒಮ್ಮೊಮ್ಮಿ ತಡಾ ಮಾಡಿ ಹಿಡೀತೈತಿ. ಒಪ್ಪಿಗಿ ಇದ್ದವರು ಹತ್ರಿ."

ಅರ್ಧ ಜನ ಹತ್ತದೆ ಬೇರೆ ಗಾಡಿ ಹಿಡಿದರು. ಒಬ್ಬ ಮುದುಕಿ ಮಾತ್ರ, "ಒಪ್ಪಿಗಿ ಐತಿ, ಜಲ್ದಿ ನಡಿಯೋ. ನನ್ನ ಲಗ್ನಕ್ಕೂ ಯಾರೂ ಹಿಂಗ ಕೇಳಿದ್ದಿಲ್ಲ" ಅಂದಳಂತೆ.

ಬ್ರೇಕನ್ನು ಅವತ್ತೇ ರಿಪೇರಿ ಮಾಡಿಸಿದೆ. ಮುಗಿಯಿತೇ? ರಾಕೆಟ್ಟಿನೊಳಗೆ ಚಾಕು, ಆಯುಧ ನಿಷಿದ್ಧ ಎನ್ನುವ ಇನ್ನೊಂದು ಕಾಯಿದೆ ಸಿಕ್ಕಿತು. ಜೋಳ ಕೊಯ್ಯಲು ಹೊರಟವರ ಕುಡಗೋಲುಗಳೆಲ್ಲ ಕಾಕಾನ ಚೀಲ ಸೇರಿದವು. ಹೊಲ ಮುಟ್ಟಿದ ಮೇಲೆ ಯಾರದು ಯಾವುದು ಎಂದು ಜಗಳ. ಹೊಲದ ಸಾಹುಕಾರರು ನನಗೆ ಫೋನ್ ಮಾಡಿದರು.

"ನಿಮ್ಮ ಕಾಕಾ ಆಳು ಬಿಡಾಕ ಬಂದಾನೋ, ಪಂಚಾಯ್ತಿ ಹೂಡಾಕ ಬಂದಾನೋ?"

ಸಂಜೆ ಕಾಕಾ ಮನೆಗೆ ಬಂದಾಗ ನಾಚಿಕೆಯಿಂದ ನೆಲ ನೋಡುತ್ತ ಹೇಳಿದೆ: "ಕಾಕಾ, ನಮ್ಮ ಗಾಡಿ ಲಕ್ಕುಂಡಿಗೆ ಹೋಗ್ತೈತಿ, ಆಕಾಶಕ್ಕಲ್ಲ."

"ಎಲ್ಲಿಂದ ಬಿದ್ರೂ ಬೀಳೋದು ನೆಲಕ್ಕ ಅಲ್ಲೇನಲೇ ತಮ್ಮಾ?"

ಇಂಥವನನ್ನು ಇಟ್ಟುಕೊಂಡು ನಾನು ಮಗಳ ಮದುವೆ ಮಾಡಬೇಕಿತ್ತು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್. ಗುಳಿಗೆಯಿಂದ ಹಿಡಿತದಲ್ಲಿದೆ. ಗಂಡಿನವರ ಮುಂದೆ ಇದರ ಸುದ್ದಿ ಎತ್ತಕೂಡದು ಎಂದು ಮನೆಯಲ್ಲಿ ತಾಕೀತು ಮಾಡಿದ್ದೆ. ನನಗೆ ಹೆದರಿಕೆ ಇದ್ದದ್ದು ಕಾಕಾನದು ಮಾತ್ರ.

ಲಕ್ಷ್ಮೇಶ್ವರದಿಂದ ಹುಡುಗ, ಅವನ ತಾಯಿ, ತಂದೆ ಬಂದರು. ಅವಲಕ್ಕಿ, ಚಹಾ ಆಯಿತು. ಹುಡುಗನ ತಂದೆ ಸಹಜವಾಗಿ ಕೇಳಿದರು, "ಹುಡುಗಿ ಆರೋಗ್ಯ ಎಲ್ಲಾ ಬೇಶ್ ಐತಿಲ್ರಿ?"

"ಕಲ್ಲಿದ್ದಂಗ ಅದಾಳ್ರಿ" ಅಂದೆ.

ಮೂಲೆಯಲ್ಲಿದ್ದ ಕಾಕಾ ಎದ್ದು ನಿಂತ. "ಮೊದಲ ಹೇಳಬೇಕಲೇ ತಮ್ಮಾ. ಹತ್ತಿಸ್ಕೊಂಡ ಮ್ಯಾಲೆ ಹೇಳೋದು ಮೋಸ."

"ಏನು ಹೇಳೋದ್ರೀ?" ಅಂದರು ಹುಡುಗನ ತಂದೆ.

"ನಾ ಹೇಳಂಗಿಲ್ರಿ. ಗಾಡಿ ಮಾಲಕ ಹೇಳಬೇಕು."

ನನಗೆ ಮೈಯೆಲ್ಲ ಉರಿಯಿತು. "ಕಾಕಾ, ಹೊರಗ ನಡಿ."

ಬಂದವರೆದುರು ಬೈಸಿಕೊಂಡು ಮುದುಕ ಬಾಗಿಲಿಗೆ ಹೋಗಿ ಚಪ್ಪಲಿ ಹುಡುಕತೊಡಗಿದ. ಆಗ ಮಗಳು ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಹೇಳಿದಳು.

"ನನಗ ಫಿಟ್ಸ್ ಬರ್ತಿದ್ವು. ಗುಳಿಗಿ ತಗೋತೀನಿ. ಒಪ್ಪಿಗಿ ಇದ್ರ ಮುಂದ ಮಾತಾಡ್ರಿ."

ಹುಡುಗನ ತಾಯಿ ಗಂಡನ ಮುಖ ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಕಡೆಗೆ ಹುಡುಗನೇ ನನ್ನನ್ನು ಕೇಳಿದ.

"ಗುಳಿಗಿ ಊಟಕ್ಕ ಮುಂಚೇನ್ರಿ, ಆಮೇಲೇನ್ರಿ?"

ನಾನು ಮಗಳ ಕಡೆ ತಿರುಗಿದೆ. ಇಷ್ಟು ವರ್ಷ ಗುಳಿಗೆಗೆ ದುಡ್ಡು ಕೊಟ್ಟಿದ್ದೆ, ಅಷ್ಟೇ.

"ರಾತ್ರಿ ಉಂಡ ಮ್ಯಾಲೆ ರೀ," ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಕಾಕಾ ಬಾಗಿಲಿಂದ ಹೇಳಿದ. "ಬಿಸಿ ನೀರು ಕೊಡ್ರಿ, ತಣ್ಣೀರಿಗೆ ಗಂಟಲದಾಗ ನಿಂದರತೈತಿ ಅಂತಾಳ. ದಿನಾ ನಾನ ನೆನಪು ಮಾಡ್ತೀನಿ. ಇನ್ನ ಮುಂದ ನೀವು ಮಾಡ್ರಿ."

ಒಳಗೆ ಬಾ ಅಂತ ನಾನು ಕರೆಯಬೇಕಿತ್ತು. ಆ ಹುಡುಗ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಕಾಕಾನ ಕಡೆ ಸರಿಸಿದ.