ಬಂದ್ ಮಾಡಬಾರದ ಪೆಟ್ಟಿಗೆ

"ಶಿಫ್ಟಿಂಗ್ ಪೂರ್ತಿ ಆಗೋವರೆಗೂ ಬಾಕ್ಸ್ ಆಫ್ ಮಾಡ್ಬೇಡಿ ಸರ್. ಆಫ್ ಮಾಡಿದ್ರೆ ನಂಬರ್ ಹೋಗಿಬಿಡುತ್ತೆ."

ಕಸ್ಟಮರ್ ಕೇರಿನ ಹುಡುಗಿ ಹೇಳಿದ್ದು ಇಷ್ಟೇ. ಬೇರೆ ಯಾರಾದರೂ ಆಗಿದ್ದರೆ ಹ್ಞೂಂ ಎಂದು ಫೋನಿಟ್ಟು ಮರೆತುಬಿಡುತ್ತಿದ್ದರು. ಆದರೆ ಕೇಳಿಸಿಕೊಂಡವರು ಆನಂದತೀರ್ಥ ಜೋಶಿಯವರು. ಗುಳಿಗೆಯ ಚೀಟಿಯ ಮೇಲೆ 'ಊಟವಾದ ಮೇಲೆ' ಎಂದಿದ್ದರೆ ಏಕಾದಶಿಯ ದಿನ ಊಟವಿಲ್ಲವೆಂದು ಗುಳಿಗೆಯನ್ನೂ ಬಿಡುವ ಮನುಷ್ಯ. ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಸುತ್ತೋಲೆ ಓದಿ ಓದಿ, ಸೂಚನೆಯೊಂದು ಕಿವಿಗೆ ಬಿತ್ತೆಂದರೆ ಅದನ್ನು ಅಕ್ಷರ ಬಿಡದೆ ಪಾಲಿಸುವ ಚಟ ಅವರಿಗೆ ಅಂಟಿತ್ತು.

ಅವರಿಗೆ ಕಮಲಾಪುರದ ಕಾಲೇಜಿಗೆ ವರ್ಗವಾಗಿತ್ತು. ಕಲಬುರಗಿಯ ಖೂಬಾ ಪ್ಲಾಟಿನ ಬಾಡಿಗೆ ಮನೆ ಖಾಲಿ ಮಾಡಿ ಅವತ್ತೇ ಹೊರಡಬೇಕಿತ್ತು. ಸಾಮಾನಿಗೆ ಟೆಂಪೊ ಬಂದು ನಿಂತಿತ್ತು. ಮನೆಯ ಇಂಟರ್ನೆಟ್ಟನ್ನೂ, ಅದೇ ತಂತಿಯ ಮೇಲೆ ನಡೆಯುವ ಮನೆಯ ಫೋನನ್ನೂ ಹೊಸ ಮನೆಗೆ ವರ್ಗಾಯಿಸಲು ಕಂಪನಿಗೆ ಅರ್ಜಿ ಹೋಗಿತ್ತು.

ಇಂಟರ್ನೆಟ್ ಹೋದರೆ ಹೋಗಲಿ, ನಂಬರ್ ಮಾತ್ರ ಹೋಗುವಂತಿರಲಿಲ್ಲ. ಅದೂ ಇವತ್ತು ಖಂಡಿತ ಹೋಗುವಂತಿರಲಿಲ್ಲ. ಹುಮನಾಬಾದಿನಲ್ಲಿ ನಡೆಯುವ ದಾಸವಾಣಿ ಮೇಳಕ್ಕೆ ಒಬ್ಬ ಮುಖ್ಯ ಗಾಯಕಿಯನ್ನು ಆರಿಸುವವರಿದ್ದರು. ಜೋಶಿಯವರ ತಾಯಿ ಪಾರ್ವತೀಬಾಯಿಗೆ ಎಪ್ಪತ್ತಮೂರು ವರ್ಷ, ಕಂಠ ಮಾತ್ರ ಇಪ್ಪತ್ತಮೂರರದು. ದನಿಯ ಪರೀಕ್ಷೆಯಲ್ಲಿ ಅವರು ಹಾಡಿದ್ದಕ್ಕೆ ಸಭೆ ತಲೆದೂಗಿತ್ತು. ಫಲಿತಾಂಶ ಇವತ್ತು ಸಂಜೆ, ಅರ್ಜಿಯಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಿ ಹೇಳುವುದೆಂದಿತ್ತು. ಫೋನ್ ಎತ್ತದಿದ್ದರೆ ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತದೆ. ಎರಡನೆಯವರೆಂದರೆ ಹಿಂದಿನ ಓಣಿಯ ವಿಮಲಾಬಾಯಿ. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಭಜನಾ ಮಂಡಳಿಯಲ್ಲಿ ಅಕ್ಕಪಕ್ಕ ಕೂತು, ಒಬ್ಬರ ತಾಳ ಇನ್ನೊಬ್ಬರಿಗೆ ಕೇಳದಂತೆ ಹಾಡುತ್ತ ಬಂದವರು.

"ಸಮಿತಿಯವರಿಗಿ ನಿಮ್ಮ ಮೊಬೈಲ್ ನಂಬರ್ ಕೊಟ್ರ ಆತಲ್ಲ ರೀ" ಎಂದು ಹೆಂಡತಿ ಮೃದುಲಾ ಹಿಂದಿನ ವಾರವೇ ಹೇಳಿದ್ದಳು.

"ಅರ್ಜಿ ಕೆಳಗ ಅಚ್ಚಾಗ್ಯದ ನೋಡು, ಒಮ್ಮೆ ಕೊಟ್ಟ ನಂಬರ್ ಬದಲಿಸತಕ್ಕದ್ದಲ್ಲ ಅಂತ" ಎಂದಿದ್ದರು ಜೋಶಿ. ಅಚ್ಚಾದ ಮಾತಿನ ಮೇಲೆ ಅವರಲ್ಲಿ ಅಪೀಲು ಇರಲಿಲ್ಲ.

ಈಗ ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಯ ಪ್ರಶ್ನೆ. ಬಂದ್ ಮಾಡಬಾರದು, ಆದರೆ ಕಮಲಾಪುರಕ್ಕೆ ಒಯ್ಯಬೇಕು. ಕರೆಂಟಿನ ವೈರು ಕಮಲಾಪುರದ ತನಕ ಎಳೆಯಲಿಕ್ಕಾಗುತ್ತದೆಯೇ? ಜೋಶಿಯವರು ಗೋಡೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಗ ಪಕ್ಕದ ಮನೆಯ ಅಣವೀರಪ್ಪ ಒಳಗೆ ಬಂದರು. ನಿವೃತ್ತ ಲೈನ್‌ಮನ್. ಓಣಿಯಲ್ಲಿ ಯಾರ ಮನೆಯ ಫ್ಯಾನ್ ಕಿರ್ ಅಂದರೂ ಅವರಿಗೆ ನಿದ್ದೆ ಬರುವುದಿಲ್ಲ.

"ಇದೇನು ದೊಡ್ಡ ಮಾತು ರೀ ಜೋಶಿಯವರ? ಅವ್ವಾರು ನಂದಾದೀಪ ಒಯ್ಯಾಕತ್ತಾರ. ಆರಿಸಿ ಒಯ್ತಾರೇನು?"

"ಇಲ್ಲ. ಹಳೇ ಮನಿ ದೀಪ ಹೊಸ ಮನಿಗಿ ಉರಕೋತನ ಹೋಗಬೇಕು. ನಮ್ಮ ಪದ್ಧತಿ ಅದು."

"ಮತ್ತ? ಇದೂ ಹಂಗ ಉರಕೋತನ ಹೋಗ್ಲಿ. ಇದು ಹನ್ನೆರಡು ವೋಲ್ಟ್, ನನ್ನ ಸ್ಕೂಟರ್ ಬ್ಯಾಟರೀನೂ ಹನ್ನೆರಡು ವೋಲ್ಟ್. ತಡೀರಿ, ಬಿಚ್ಚಿ ತರ್ತೀನಿ."

ಬೇಡ ಎನ್ನುವಷ್ಟರಲ್ಲಿ ಬ್ಯಾಟರಿ ಬಂದೇಬಿಟ್ಟಿತು. ಅಣವೀರಪ್ಪ ಬ್ಯಾಟರಿಯನ್ನೂ ಪೆಟ್ಟಿಗೆಯನ್ನೂ ಒಂದು ಹಲಗೆಯ ಮೇಲಿಟ್ಟು ಲಾಡಿಯಿಂದ ಬಿಗಿದು, ಎರಡು ವೈರು ಜೋಡಿಸಿ, ಗೋಡೆಯ ಪ್ಲಗ್ ಕಿತ್ತರು. ಹಸಿರು ದೀಪ ಆರಲಿಲ್ಲ. ಜೋಶಿಯವರ ಹೋದ ಜೀವ ಬಂತು. ಮರುಕ್ಷಣ ಪಕ್ಕದಲ್ಲೊಂದು ಕೆಂಪು ದೀಪ ಮಿಣುಕತೊಡಗಿತು.

"ಇದ್ಯಾಕ ಕೆಂಪು?"

"ಕೆಂಪಂದ್ರ ಗಾಡಿ ನಿಂತದ, ಇಂಜಿನ್ ಚಾಲೂ ಅದ ಅಂತ" ಎಂದು ಅಣವೀರಪ್ಪ ಒಂದಿಷ್ಟೂ ತಡವರಿಸದೆ ಹೇಳಿದರು.

ಟೆಂಪೊದಲ್ಲಿ ಇನ್ನೊಂದು ತಕರಾರು. ಮುಂದಿನ ಸೀಟಿನಲ್ಲಿ ಕಂದೀಲಿನೊಳಗೆ ನಂದಾದೀಪ ಹಿಡಿದು ಪಾರ್ವತೀಬಾಯಿ, ತೊಡೆಯ ಮೇಲೆ ದೇವರ ಪೆಟ್ಟಿಗೆ ಇಟ್ಟುಕೊಂಡು ಮೃದುಲಾ.

"ಆನಂದಾ, ಅದನ್ನ ಇಲ್ಲಿ ತರಬ್ಯಾಡ. ನಾ ಮಡೀಲೆ ಇದ್ದೀನಿ. ದೇವರ ಬಾಜೂಕ ಸ್ಕೂಟರಿನ ಬ್ಯಾಟರಿ ಇಡ್ತಾರೇನು ಯಾರರ?"

"ಅವ್ವಾ, ನಿನ್ನ ಸಲುವಾಗೇ..."

"ನನ್ನ ಸಲುವಾಗಿ ಬಸ್ಸಿಗಿ ಬಾ. ಫೋನ್ ಮಾತ್ರ ರಿಂಗ್ ಆಗಬೇಕು ನೋಡು ಸಂಜಿಗಿ. ಆ ವಿಮಲಾಗ ಹೋತಂದ್ರ ನಾ ಮತ್ತ ತಾಳ ಮುಟ್ಟಂಗಿಲ್ಲ."

ತಾಯಿ ಹೀಗೆ ಏನನ್ನಾದರೂ ಬೇಕು ಎಂದದ್ದು ಜೋಶಿಯವರಿಗೆ ನೆನಪಿರಲಿಲ್ಲ. ಅವರು ಹಲಗೆಯನ್ನು ಕೂಸಿನಂತೆ ಎದೆಗವಚಿಕೊಂಡು ಆಟೋ ಹತ್ತಿದರು.

ಜಗತ್ ಸರ್ಕಲ್ಲಿನ ಗದ್ದಲ ದಾಟಿ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಆಟೋದವನು ಹದಿನೈದು ಪ್ರಶ್ನೆ ಕೇಳಿದ್ದ. ಹುಮನಾಬಾದ್ ಬಸ್ಸು ತುಂಬಿತ್ತು. ನಿಂತವರ ನಡುವೆ ಹಲಗೆ ಹಿಡಿದು ನಿಂತರೆ ಎಲ್ಲರ ಕಣ್ಣೂ ಆ ಕೆಂಪು ದೀಪದ ಮೇಲೆ. ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಜಹೀರುದ್ದೀನ್ ಖಾಲಿ ಬುಟ್ಟಿಗಳ ಮೇಲೆ ಕೂತಿದ್ದವನು ಬಗ್ಗಿ ನೋಡಿದ.

"ಕ್ಯಾ ಚೀಜ್ ಹೈ ಸಾಬ್? ಮಿಣಿಮಿಣಿ ಮಾಡಾಕತ್ತದ?"

ಜೋಶಿ ಬಾಯಿ ತೆರೆಯುವ ಮೊದಲೇ ಕಂಡಕ್ಟರು ಜನರನ್ನು ಸರಿಸುತ್ತ ಬಂದ. "ಏ ಯಜಮಾನ್ರ, ಬ್ಯಾಟರಿ ಗಿಟರಿ ಚಾಲೂ ಇಟಗೊಂಡು ಬಸ್ಸಿನ್ಯಾಗ ಬರಾಂಗಿಲ್ಲ. ಬಂದ್ ಮಾಡ್ರಿ, ಇಲ್ಲಂದ್ರ ಇಳೀರಿ. ರೂಲ್ಸ್ ಅದ."

ರೂಲ್ಸ್! ಒಂದು ಕಡೆ ಕಸ್ಟಮರ್ ಕೇರಿನ ಸೂಚನೆ, ಇನ್ನೊಂದು ಕಡೆ ಸಾರಿಗೆಯ ನಿಯಮ. ಎರಡು ಸೂಚನೆಗಳು ಎದುರುಬದುರು ನಿಂತಾಗ ಏನು ಮಾಡಬೇಕೆಂದು ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ. ಕಂಡಕ್ಟರು ವೈರಿಗೆ ಕೈ ಹಾಕಿದ. ಜೋಶಿಯವರ ಬಾಯಿಂದ ಅವರ ಜೀವಮಾನದ ಮೊದಲ ಸುಳ್ಳು ಹೊರಬಿತ್ತು.

"ಮುಟ್ಟಬ್ಯಾಡ್ರಿ! ಇದು... ಇದು ನಮ್ಮವ್ವನ ಹಾರ್ಟಿನ ಮಷೀನು! ಬಂದ್ ಆದ್ರ ಆಕಿ ಹೋಗ್ತಾಳ!"

ಬಸ್ಸಿಗೆ ಬಸ್ಸೇ ಇತ್ತ ತಿರುಗಿತು. ಕಂಡಕ್ಟರು ಬಿಸಿ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡ. "ಅಯ್ಯ ಶಿವನೇ! ಮೊದಲ ಹೇಳಬಾರದೇನ್ರಿ? ಏ, ಏಳ್ರಿ, ಸೀಟ್ ಬಿಡ್ರಿ!"

ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಹಿರಿಯರೊಬ್ಬರು ತಾವೇ ಎದ್ದು ನಿಂತು ಜೋಶಿಯವರನ್ನು ಕಿಟಕಿಗೆ ಕೂರಿಸಿದರು. ಬಸ್ಸು ಹೊರಟಿತು. ಸುಳ್ಳು ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲವಲ್ಲ ಎಂದು ಜೋಶಿಯವರಿಗೆ ಸಂಕಟದ ನಡುವೆಯೂ ಸೋಜಿಗವಾಯಿತು.

ಆ ಸಲೀಸು ಹತ್ತು ನಿಮಿಷ ಉಳಿಯಿತು. ಹಿಂದಿನ ಸೀಟಿನಿಂದ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಎದ್ದು ನಿಂತಳು.

"ಅಂಕಲ್, ಇಲ್ಲಿ 'ಜೋಶಿ ಮನೆ' ಅಂತ ವೈಫೈ ಫುಲ್ ತೋರಸಾಕತ್ತದ. ಅವ್ವಾರ ಹಾರ್ಟಿಗಿ ವೈಫೈ ಅದ ರೀ?"

ಮೂವತ್ತು ಜನ ಮೊಬೈಲ್ ತೆಗೆದು ನೋಡಿದರು. ಹೌದು, ಎಲ್ಲರಿಗೂ ಫುಲ್.

"ಅದ... ಅದರ ಮ್ಯಾಲೇ ಡಾಕ್ಟರ್ ನೋಡ್ತಾರಮ್ಮ" ಎಂದರು ಜೋಶಿ, ಹಣೆಯ ಬೆವರು ಒರೆಸುತ್ತ. "ಬಡಿತ ಎಲ್ಲಾ ಅವರಿಗಿ ಅಲ್ಲೇ ಕಾಣಸ್ತದ."

"ಹಂಗಾದ್ರ ಪಾಸ್‌ವರ್ಡ್..."

"ಏ ಹುಡುಗಿ, ಸುಮ್ಮ ಕೂಡು!" ಕಂಡಕ್ಟರು ಗದರಿದ. "ನೀವು ನಾಕು ಮಂದಿ ವಿಡಿಯೋ ನೋಡಿ ಆಕಡೆ ಮುದುಕಿ ಜೀವಾ ತಗಿಯೋರು. ಎಲ್ಲಾರೂ ಮೊಬೈಲ್ ಬಂದ್ ಮಾಡ್ರಿ! ಯಜಮಾನ್ರ, ನೀವೂ ಮಾಡ್ರಿ!"

ಜೋಶಿಯವರೂ ಮಾಡಿದರು. ಮೊಬೈಲಿಲ್ಲದ ಜನ ಇನ್ನೇನು ಮಾಡಿಯಾರು? ಎಲ್ಲರೂ ಕೆಂಪು ದೀಪವನ್ನೇ ನೋಡುತ್ತ ಕೂತರು. ದೀಪ ಮಿಣುಕಿದಾಗೊಮ್ಮೆ ಉಸಿರು ಬಿಡುವರು. ಎಷ್ಟು ವರ್ಷದಿಂದ? ರಾತ್ರಿ ಚಾರ್ಜಿಗೆ ಹಚ್ಚಬೇಕೇನು? ಮಳೆಗಾಲದಾಗ ಹ್ಯಾಂಗ? ಜೋಶಿಯವರು ಒಂದೊಂದಕ್ಕೂ ಒಂದೊಂದು ಉತ್ತರ ಹೊಸೆದರು. ಕಮಲಾಪುರ ಇನ್ನೂ ಹತ್ತು ಮೈಲಿ ಇರುವಾಗ ತಾಯಿಗೆ ಮೂರು ಆಪರೇಷನ್ ಆಗಿಹೋಗಿದ್ದವು.

"ಕಲಬುರಗಿ ರೋಜಾ ಓಣಿ ದರ್ಗಾಕ್ಕ ಹೋಗಿ ದುವಾ ಮಾಡಸ್ತೀನಿ ಸಾಬ್" ಎಂದ ಜಹೀರುದ್ದೀನ್, ಕಣ್ಣೊರೆಸಿಕೊಂಡು. "ಅಮ್ಮಾಜಿ ಹೆಸರೇನು?"

"ಪಾರ್ವತೀಬಾಯಿ ಜೋಶಿ."

"ಗೋತ್ರನೂ ಹೇಳ್ರಿ" ಎಂದರು ಶಾಲಿನ ಹಿರಿಯರು. "ನಾನೂ ಊರಿಗಿ ಹೋಗಿ ರಾಯರ ಮಠದಾಗ ಸಂಕಲ್ಪ ಮಾಡಸ್ತೇನಿ. ಖೂಬಾ ಪ್ಲಾಟಿನವರೇನು ನೀವು?"

"ಹೌದ್ರಿ. ಕಾಶ್ಯಪ ಗೋತ್ರ."

ಹಿರಿಯರು ಒಂದು ಗಳಿಗೆ ಅವರನ್ನೇ ದಿಟ್ಟಿಸಿ, ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟರು.

ಕಮಲಾಪುರದಲ್ಲಿ ಕಂಡಕ್ಟರು ತಾನೇ ಹಲಗೆ ಹಿಡಿದು ಇಳಿಸಿಕೊಟ್ಟ. ಬಸ್ಸಿನ ಕಿಟಕಿಗಳಿಂದೆಲ್ಲ ಕೈಗಳು ಬೀಸಿದವು. ಜೋಶಿಯವರು ಮನೆ ಮುಟ್ಟಿದಾಗ ಹಾರ್ಟಿನ ರೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಪಾಟಿನ ಒಂದು ತುದಿ ತಾನೇ ಎತ್ತಿಹಿಡಿದು, ಟೆಂಪೊದವನಿಗೆ "ಎತ್ತೋ, ಕೈಯಾಗ ಕಸುವಿಲ್ಲೇನು?" ಎಂದು ಬೈಯುತ್ತಿದ್ದರು. ದೇವರ ಮುಂದೆ ನಂದಾದೀಪ ಆರದೆ ಬಂದು ಕೂತಿತ್ತು. ಒಲೆಯ ಮೇಲೆ ಹಾಲು ಉಕ್ಕಿತ್ತು.

ಕಂಪನಿಯ ಮೆಕ್ಯಾನಿಕ್ ಗುಫ್ರಾನ್ ಆರಕ್ಕೆ ಬಂದ. ಹಲಗೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಇದೇನು ಸರ, ಇಂಥಾ ಅವತಾರ ಮಾಡ್ಕೊಂಡು ಬಂದೀರಿ?"

"ಶಿಫ್ಟಿಂಗ್ ಮುಗಿಯೋ ತನಕ ಬಂದ್ ಮಾಡಬ್ಯಾಡ್ರಿ ಅಂದಿದ್ರಪ್ಪ. ಒಂದು ಕ್ಷಣ ಬಂದ್ ಆಗಿಲ್ಲ ನೋಡು!" ಜೋಶಿಯವರ ದನಿಯಲ್ಲಿ ಹೆಮ್ಮೆಯಿತ್ತು.

"ನಿಮ್ಮ ಮೊಬೈಲ್ ಕೊಡ್ರಿ ಇಲ್ಲಿ." ಗುಫ್ರಾನ್ ಅದನ್ನು ಚಾಲೂ ಮಾಡಿ ಒಂದು ಮೆಸೇಜ್ ತೋರಿಸಿದ. ಮುಂಜಾನೆ ಒಂಬತ್ತೂ ನಲವತ್ತಕ್ಕೆ ಬಂದದ್ದು, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಜೋಶಿಯವರು ನೋಡದೇ ಬಿಟ್ಟದ್ದು. 'ತಮ್ಮ ನಂಬರಿನ ವರ್ಗಾವಣೆ ಪೂರ್ಣಗೊಂಡಿದೆ' ಎಂದಿತ್ತು. "ಹತ್ತು ನಿಮಿಷದ ಮಾತು ಸರ ಅದು. ಆಮ್ಯಾಲೆ ಆ ಡಬ್ಬಿ ನೀವು ಬಾವ್ಯಾಗ ಒಗದಿದ್ರೂ ನಡೀತಿತ್ತು. ಹೊಸ ಬಾಕ್ಸ್ ನಾ ತಂದೀನಿ."

ಜೋಶಿಯವರು ಹಲಗೆಯ ಪಕ್ಕದಲ್ಲೇ ಕೂತು ಮೆಸೇಜನ್ನು ಎರಡು ಸಲ ಅಕ್ಷರ ಬಿಡದೆ ಓದಿದರು. ಆದರೂ ಹೊಸ ಪೆಟ್ಟಿಗೆಗೆ ಫೋನ್ ಜೋಡಿಸಿ ಕಿವಿಗಿಟ್ಟರೆ ಗುಂಯ್ ಅಂದಿತು. ಗುಫ್ರಾನ್ ತನ್ನ ಮೊಬೈಲಿನಿಂದ ಹಚ್ಚಿ ನೋಡಿದ, ಅದೇ ನಂಬರು! ತಾಯಿಯ ಮುಖ ನೋಡಿ ಅವರಿಗೆ ದಿನದ ಆಯಾಸವೆಲ್ಲ ಮರೆತುಹೋಯಿತು. ಪಾರ್ವತೀಬಾಯಿ ತಾಳ ತಂದು ತೊಡೆಯ ಮೇಲಿಟ್ಟುಕೊಂಡು ಫೋನಿನ ಮುಂದೆ ಕೂತೇಬಿಟ್ಟರು.

ಆರೂವರೆಗೆ ಫೋನ್ ರಿಂಗಾಯಿತು. ಜೋಶಿ ಸ್ಪೀಕರ್ ಒತ್ತಿದರು.

"ನಮಸ್ಕಾರ್ರಿ, ನಾನು ದಾಸವಾಣಿ ಮೇಳದ ಕಾರ್ಯದರ್ಶಿ ವಿಶ್ವಾಸರಾವ. ತಾಯೇರ, ಮೊದಲನೇ ಹೆಸರು ನಿಮ್ಮದೇ ಇತ್ರಿ."

ಪಾರ್ವತೀಬಾಯಿ ಮಗನ ಕೈ ಗಟ್ಟಿಯಾಗಿ ಹಿಡಿದರು.

"ಆದ್ರ ಕಲಬುರಗಿಯಿಂದ ಬರೋಮುಂದ ಇವತ್ತ ಬಸ್ಸಿನ್ಯಾಗ ನಿಮ್ಮ ಮಗಾರು ಸಿಕ್ಕಿದ್ರು. ನನ್ನ ಸೀಟಿನ್ಯಾಗೇ ಕೂಡಿಸಿದ್ದೆ. ನಿಮ್ಮ ಹೃದಯಾನ ತೊಡಿ ಮ್ಯಾಲೆ ಇಟಗೊಂಡು ಕೂತಿದ್ರು ಪಾಪ. ಮೂರು ಆಪರೇಷನ್, ಮ್ಯಾಲೆ ಮಷೀನು! ಸಮಿತಿಯವರೆಲ್ಲ ಕೇಳಿ ಅತ್ತೇ ಬಿಟ್ರು. ಹಾಡಂತ ಹೇಳಿ ನಿಮ್ಮ ಜೀವಾ ತಗಿಯೋ ಪಾಪ ನಮಗ ಬ್ಯಾಡ್ರಿ. ವಿಮಲಾಬಾಯಾರಿಗಿ ಹೇಳೀವಿ. ನಿಮ್ಮ ಮಗಾರಿಗಿ ಮಾತ್ರ ವೇದಿಕಿ ಮ್ಯಾಲೆ ಶ್ರವಣಕುಮಾರ ಅಂತ ಸನ್ಮಾನ ಇಟ್ಟೀವಿ. ಆ ಮಷೀನು ಹಿಡಕೊಂಡೇ ಬರಬೇಕ್ರಿ ಅವರು!"

ಫೋನ್ ಬಂದ್ ಆಯಿತು. ಪಾರ್ವತೀಬಾಯಿ ತಾಳವನ್ನು ತೊಡೆಯಿಂದ ತೆಗೆದು ಮೆಲ್ಲಗೆ ನೆಲದ ಮೇಲಿಟ್ಟರು. ಆಮೇಲೆ ಮಗನ ಕಡೆ ತಿರುಗಿದರು.

"ನನಗ್ಯಾವಾಗೋ ಆಪರೇಷನ್ ಆಗಿದ್ದು, ಆನಂದಾ?"

ಅಷ್ಟರಲ್ಲಿ ಮತ್ತೆ ಫೋನ್. "ಪಾರ್ವತಕ್ಕಾ, ಹನ್ನೊಂದು ವರ್ಷ ಬಾಜೂಕ ಕೂತರೂ ಒಂದು ಮಾತು ಹೇಳಲಿಲ್ಲಲ್ರಿ!" ವಿಮಲಾಬಾಯಿಯ ದನಿ ದುಃಖದಿಂದ ಒದ್ದೆಯಾಗಿತ್ತು, ಸಂತೋಷವನ್ನು ಮಾತ್ರ ಅಡಗಿಸಲಿಕ್ಕಾಗಿರಲಿಲ್ಲ. "ನೀವು ಆರಾಮ ಮಲಗ್ರಿ. ನಿಮ್ಮ ಪದ ಎಲ್ಲಾ ನಾನೇ ಹಾಡ್ತೀನಿ."

ಅದನ್ನಿಟ್ಟರೆ ಅಣವೀರಪ್ಪ. "ಜೋಶಿಯವರ, ಅವ್ವಾರ ಹಾರ್ಟ್ ನನ್ನ ಸ್ಕೂಟರ್ ಬ್ಯಾಟರೀಲೆ ನಡ್ಯಾಕತ್ತದಂತ ಓಣಿ ತುಂಬ ಸುದ್ದಿ! ನನಗ ಹೇಳಬಾರದೇನ್ರಿ? ವಾಪಸ್ ಬ್ಯಾಡ, ನೀವೇ ಇಟಗೋರಿ."

ಇಪ್ಪತ್ತು ವರ್ಷದ ಹಳೆಯ ನಂಬರು, ಖೂಬಾ ಪ್ಲಾಟಿಗೆಲ್ಲ ಬಾಯಿಪಾಠ. ಒಬ್ಬರು ಇಟ್ಟರೆ ಇನ್ನೊಬ್ಬರು. ಪ್ರತಿ ಸಲ ಪಾರ್ವತೀಬಾಯಿ ತಮ್ಮ ಆರೋಗ್ಯದ ವಿಚಾರ ಪೂರ್ತಿ ಕೇಳಿಸಿಕೊಂಡು, ರಿಸೀವರನ್ನು ಮಗನ ಕೈಗಿಡುತ್ತಿದ್ದರು. ಒಂಬತ್ತನೆಯ ಸಲ ರಿಂಗಾದಾಗ ಜೋಶಿಯವರು ಎದ್ದು, ಅವತ್ತು ಮೊದಲ ಬಾರಿಗೆ ತಾವಾಗಿಯೇ ಪೆಟ್ಟಿಗೆಯ ಸ್ವಿಚ್ಚಿನ ಕಡೆ ಕೈ ಚಾಚಿದರು.

ಮೂಲೆಯಲ್ಲಿ ಕೂತು ಉಕ್ಕಿದ ಹಾಲಿನ ಚಹಾ ಕುಡಿಯುತ್ತಿದ್ದ ಗುಫ್ರಾನ್ ಹೌಹಾರಿ ಎದ್ದ.

"ಹಾಂ ಹಾಂ, ಸರ! ಹೊಸ ಬಾಕ್ಸು. ನಾಳೆ ಸಂಜಿ ತನಕ ಬಂದ್ ಮಾಡಬಾರದು. ಕಂಪನಿ ಸೂಚನಾ ಅದ, ಡಬ್ಬಿ ಮ್ಯಾಲೇ ಅಚ್ಚು ಹಾಕ್ಯಾರ ನೋಡ್ರಿ."

ಜೋಶಿಯವರು ಕನ್ನಡಕ ಏರಿಸಿ ನೋಡಿದರು. ಹೌದು, ಅಚ್ಚಾಗಿತ್ತು. ಅವರು ಕೈ ಹಿಂದೆ ತೆಗೆದುಕೊಂಡು, ಫೋನ್ ಎತ್ತಿ, "ಹ್ಞೂಂ ರೀ, ಅವ್ವಗ ಈಗ ಸ್ವಲ್ಪ ಪರವಾಗಿಲ್ರಿ" ಎಂದರು.