ನನ್ನ ಲಿನಕ್ಸು, ಅವಳ ಸೀರೆಯಂಚು

ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಅದರ ಪಾಡಿಗೆ ಬಿಟ್ಟುಬಿಡುವುದಕ್ಕೆ ಒಂದು ಬಗೆಯ ಸಂಯಮ ಬೇಕು. ನನ್ನಲ್ಲಿ ಅದಿಲ್ಲ. ಗಡಿಯಾರ ಸರಿಯಾದ ವೇಳೆ ತೋರಿಸುತ್ತಿದ್ದರೂ ಅದು ಹೇಗೆ ಸರಿಯಾಗಿದೆ ಎಂದು ಬಿಚ್ಚಿ ನೋಡುವವನು ನಾನು. ಬಿಚ್ಚಿದ್ದನ್ನು ಮತ್ತೆ ಕೂಡಿಸಬಲ್ಲೆ ಎಂಬ ಧೈರ್ಯ ನನಗೆ ಎಂದೂ ಕಡಿಮೆಯಾಗಿಲ್ಲ. ಕೂಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದರೆ, ಅವು ಮೊದಲಿಗೇ ಹೆಚ್ಚಾಗಿದ್ದವು ಎಂದು ತೀರ್ಮಾನಿಸುತ್ತೇನೆ.

ಇಂಥ ನನ್ನ ಕೈಗೆ, ಎರಡು ಸಾವಿರದ ಇಸವಿಯ ಆಚೀಚೆ, ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಬಂದ ಲಿನಕ್ಸ್ ಸಿ.ಡಿ. ಸಿಕ್ಕಿತು. ಆಗ ನಾನು ಇಳಕಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮನೆಯಲ್ಲಿದ್ದ ಕಂಪ್ಯೂಟರ್ ಹೆಸರಿಗಷ್ಟೇ ನನ್ನದು, ಅದರ ನಿಜವಾದ ಒಡತಿ ನನ್ನ ಹೆಂಡತಿ ಗಿರಿಜಾ. ಅವಳು ನೇಕಾರರ ಮನೆಯ ಮಗಳು. ಮಗ್ಗದ ಸದ್ದು ಕಿವಿಗೆ ಬೀಳದಿದ್ದರೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ ಎನ್ನುವವಳು. ಪಟ್ಟದಕಲ್ಲಿನ ಗುಡಿಯ ಕಂಬದಲ್ಲಿ ಕಂಡ ಬಳ್ಳಿಯೊಂದನ್ನು ಸೀರೆಯ ಅಂಚಿಗೆ ತರಬೇಕೆಂದು ತಿಂಗಳುಗಟ್ಟಲೆ ಪರದೆಯ ಮೇಲೆ ಚೌಕ ಚೌಕವಾಗಿ ಬಿಡಿಸಿದ್ದಳು. ಬಾದಾಮಿಯಲ್ಲಿ ಹೆಣ್ಣುಮಕ್ಕಳ ಸಂಘವೊಂದು ನೇಯಿಸುವುದಕ್ಕೆ ಹೊಸ ಅಂಚುಗಳನ್ನು ಆರಿಸುವುದಿತ್ತು. ಸೋಮವಾರ ಮುಂಜಾನೆಯ ಬಸ್ಸಿಗೆ ಅವಳು ಬಣ್ಣದ ಪ್ರಿಂಟ್ ಹಿಡಿದು ಹೊರಡಬೇಕು. ಅವಳ ತವರಿನಲ್ಲಿ ಮಗ್ಗಕ್ಕೆ ಕೂತ ಹೆಂಗಸರು ಬಹಳ. ಆದರೆ 'ಈ ಅಂಚು ನನ್ನದು' ಎಂದು ಹೇಳಿಕೊಂಡವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ಸರಿಯಾಗಿ ಅದರ ಹಿಂದಿನ ವಾರ ನಾನು ಕಂಪ್ಯೂಟರನ್ನು ನಡೆಸುತ್ತಿದ್ದ ಹಳೆಯ ವ್ಯವಸ್ಥೆಯನ್ನು ಅಳಿಸಿ, ಅದರ ಜಾಗದಲ್ಲಿ ಲಿನಕ್ಸ್ ಹಾಕಿದೆ. ಅವಳು ಬಿಡಿಸಿದ ಅಂಚಿನ ಚಿತ್ರವನ್ನು ಜೋಪಾನವಾಗಿ ಉಳಿಸಿಕೊಂಡಿದ್ದೆ. ಹೊಸ ಪ್ರೋಗ್ರಾಮಿನಲ್ಲಿ ಅದು ಚೆಂದವಾಗಿಯೇ ತೆರೆದುಕೊಂಡಿತು.

"ಪ್ರಿಂಟ್ ಬರತೈತೇನ್ರಿ?" ಎಂದಳು ಗಿರಿಜಾ.

"ಬರದ ಎಲ್ಲಿ ಹೋಗತೈತಿ? ನಾ ಅದೀನಲ್ಲ!" ಎಂದೆ.

ರವಿವಾರ ಮುಂಜಾನೆ ಪ್ರಿಂಟರ್ ನಡೆಸುವ ಪ್ರೋಗ್ರಾಮಿನ ಪ್ಯಾಕೇಜ್ ಹಾಕಲು ಕೂತೆ. ಅದು 'ನನಗೊಂದು ಲೈಬ್ರರಿ ಬೇಕು' ಎಂದಿತು. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ವಠಾರದ ಒರಳುಕಲ್ಲಿನಂತೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಾಮಾನು. ಅದನ್ನು ಸಿ.ಡಿ.ಯಲ್ಲಿ ಹುಡುಕಿ ಹಾಕಹೋದರೆ ಅದು ಮತ್ತೊಂದನ್ನು ಕೇಳಿತು, ಮತ್ತೊಂದು ಮಗದೊಂದನ್ನು. ನಮ್ಮ ಕಡೆ ಮದುವೆಗೆ ಕರೆಯಲು ಹೋದರೆ "ನಮ್ಮ ದೊಡ್ಡವ್ವಗ ಹೇಳೀರೇನ್ರಿ?" ಎನ್ನುತ್ತಾರೆ. ದೊಡ್ಡವ್ವನ ಮನೆಗೆ ಹೋದರೆ ಆಕೆ ತನ್ನ ಬೀಗರ ಹೆಸರು ಹೇಳುತ್ತಾಳೆ. ಹಾಗೆ. ಕಟ್ಟಕಡೆಗೆ ಬೇಕಾದದ್ದು ಸಿ.ಡಿ.ಯಲ್ಲಿ ಇಲ್ಲದ ಹೊಸ ಆವೃತ್ತಿ. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಗೆಳೆಯ ಇಮ್ತಿಯಾಜ್‌ಗೆ ಫೋನ್ ಮಾಡಿದೆ. ಅವನು ಇಂಟರ್ನೆಟ್ಟಿನಿಂದ ಅದನ್ನು ಇಳಿಸಿ, ಫ್ಲಾಪಿಗೆ ತುಂಬಿ, ಇಳಕಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟ.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಟಿಕೆಟ್ ಚೀಲದಿಂದ ಫ್ಲಾಪಿ ತೆಗೆದು, "ಇದರಾಗ ಏನೈತ್ರಿ ಸರ?" ಎಂದು ಕೇಳಿದ.

"ಲೈಬ್ರರಿ" ಎಂದೆ.

ಅವನು ಒಮ್ಮೆ ಫ್ಲಾಪಿಯನ್ನೂ ಒಮ್ಮೆ ನನ್ನನ್ನೂ ನೋಡಿ, ಚಹಾ ಕುಡಿಯಲು ಹೋದ.

ಮನೆಗೆ ಬಂದು ಹಾಕಿದರೆ ಹೊಸ ಲೈಬ್ರರಿಯದು ಹೊಸ ತಕರಾರು: 'ಹಳೆಯದು ಇರುವಲ್ಲಿ ನಾನು ಇರಲಾರೆ.' ನಾನು ಒತ್ತಾಯದ ಆಜ್ಞೆ ಕೊಟ್ಟೆ. ಹಳೆಯದು ಹೋಯಿತು, ಹೊಸದು ಕೂತಿತು, ಪ್ರಿಂಟರ್ ಗುರ್ ಎಂದು ಎಚ್ಚರಾಯಿತು. ಗಿರಿಜಾಳನ್ನು ಕೂಗಿ ಕರೆದು, ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಚಿತ್ರ ತೆರೆಯಹೋದೆ. ಚಿತ್ರದ ಪ್ರೋಗ್ರಾಮ್ ಏಳಲೇ ಇಲ್ಲ. ಅದು ನಿಂತಿದ್ದದ್ದು ನಾನು ಕಿತ್ತುಹಾಕಿದ ಹಳೆಯ ಲೈಬ್ರರಿಯ ಮೇಲೆ. ಹಳೆಯದನ್ನು ತಂದರೆ ಚಿತ್ರ ಕಾಣುತ್ತದೆ, ಪ್ರಿಂಟರ್ ಮಲಗುತ್ತದೆ. ಹೊಸದನ್ನು ತಂದರೆ ಪ್ರಿಂಟರ್ ಏಳುತ್ತದೆ, ಚಿತ್ರ ಮಾಯ.

ಗಿರಿಜಾ ಸಿಟ್ಟಾಗಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. "ಚಿತ್ರ ಕಾಣೂ ಹಂಗ ಮಾಡ್ರಿ. ಆಮ್ಯಾಲೆ ಒಟ್ಟ ಕೈ ಹಚ್ಚಬ್ಯಾಡ್ರಿ" ಎಂದಳು. ನಾನು ಹಳೆಯದನ್ನು ಮತ್ತೆ ಹಾಕಿಕೊಟ್ಟೆ. ಅವಳು ತೆಳ್ಳನೆಯ ಬಟರ್ ಪೇಪರನ್ನು ಪರದೆಗೆ ಅಂಟಿಸಿ, ಪೆನ್ಸಿಲಿನಿಂದ ಬಳ್ಳಿಯನ್ನು ತಿದ್ದತೊಡಗಿದಳು. ಅರ್ಧ ಅಂಚು ಬರುವ ಹೊತ್ತಿಗೆ ಅವಳ ಕೈ ನಿಂತಿತು. "ರೇಖಿ ಏನೋ ಬರ್ತಾವು. ಬಣ್ಣ ಹೆಂಗ ತೋರಸ್ಲಿ?" ಎಂದಳು. ಕೇಳಿದ್ದು ನನ್ನನ್ನಲ್ಲ, ಪರದೆಯನ್ನು. ಎಂಥ ಧೈರ್ಯವಂತನಿಗೂ ಆ ಮಾತು ತಡೆದುಕೊಳ್ಳುವುದು ಕಷ್ಟ. ಮತ್ತೆ ಇಮ್ತಿಯಾಜ್‌ಗೆ ಫೋನ್ ತಿರುಗಿಸಿದೆ.

"ಹಳೇದನ್ನ ಯಾಕ ಹೊರಗ ಹಾಕಿದೆಲೇ?" ಎಂದ ಅವನು. "ಒಂದರ ಬಾಜೂಕ ಒಂದು ಇಡು. ಎರಡೂ ಇರ್ತಾವು. ಯಾರಿಗೆ ಯಾವುದು ಬೇಕೋ ಅವರು ಅದನ್ನ ತಗೋತಾರು. ಇನ್ನ ಜಬರದಸ್ತಿ ಮಾಡಬ್ಯಾಡ ದೋಸ್ತ."

ಅವನು ಹೇಳಿದಂತೆ ಎರಡನ್ನೂ ಅಕ್ಕಪಕ್ಕದಲ್ಲಿ ಕೂಡಿಸಿದೆ. ದೀಪ ಹಚ್ಚುವ ಹೊತ್ತಿಗೆ ಚಿತ್ರವೂ ತೆರೆಯಿತು, ಪ್ರಿಂಟರೂ ಎದ್ದಿತು. ಬಳ್ಳಿ ಎಲೆ ಎಲೆಯಾಗಿ ಕಾಗದದ ಮೇಲೆ ಇಳಿಯುವುದನ್ನು ಇಬ್ಬರೂ ಬಗ್ಗಿ ನೋಡಿದೆವು. ಬಳ್ಳಿ ಸರಿಯಾಗಿತ್ತು. ಆದರೆ ಅವಳು ಕೊಟ್ಟಿದ್ದ ದಾಳಿಂಬ್ರಿ ಕೆಂಪು ಮಾತ್ರ ಪೇರಲಹಣ್ಣಿನ ಒಳಗಿನ ತೆಳು ಗುಲಾಬಿ ಬಣ್ಣವಾಗಿ ಬಂದಿತ್ತು.

"ಒಂದೀಟ ತಡಿ, ಸರಿ ಮಾಡ್ತೇನಿ" ಎಂದು ಕೀಲಿಮಣೆಗೆ ಕೈ ಚಾಚಿದೆ.

"ಬ್ಯಾಡ್ರಿ! ಬಂದದ್ದ ಬಂಗಾರ!" ಎಂದು ಗಿರಿಜಾ ಕಾಗದವನ್ನು ಕಸಿದುಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಸೋಮವಾರ ಅವಳು ಬಾದಾಮಿಗೆ ಹೋದಳು. ಕಾಲೇಜಿನಿಂದ ಬಂದವನು ಖಾಲಿ ಮನೆಯಲ್ಲಿ ಸುಮ್ಮನೆ ಕೂರುವುದುಂಟೇ? ಅವಳ ಮದುವೆ ಸೀರೆಯನ್ನು ತಂದು ಪ್ರಿಂಟರಿನ ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಆಯ್ಕೆ ಬದಲಿಸುತ್ತ, ಅದೇ ದಾಳಿಂಬ್ರಿ ಕೆಂಪು ಬರುವವರೆಗೆ ಬಿಡಲಿಲ್ಲ. ನನ್ನ ಕೆಲಸಕ್ಕೆ ನಾನೇ ತಲೆದೂಗಿದೆ.

ಸಂಜೆ ಗಿರಿಜಾ ನಗುತ್ತಲೇ ಒಳಗೆ ಬಂದಳು. "ಆರಿಸಿದ್ರು! ಬಳ್ಳಿಗಿಂತ ಬಣ್ಣಕ್ಕ ಭಾಳ ಮೆಚ್ಚಿದ್ರು. ಇಂಥಾ ಬಣ್ಣದ ಅಂಚು ನಾವು ಕಂಡೇ ಇಲ್ಲ ಅಂದ್ರು. ಕಾಗದ ಅವರ ಇಟ್ಕೊಂಡ್ರು."

"ನೋಡಿದೇನು, ಎಲ್ಲಾ ನನ್ನ ಲಿನಕ್ಸಿನ ಪುಣ್ಯ" ಎಂದೆ, ಮೀಸೆಯಂಚಿನಲ್ಲಿ ನಗುತ್ತ.

"ಖರೇ ಐತ್ರಿ. ಇನ್ನೊಂದು ಪ್ರಿಂಟ್ ತಗದು ಕೊಡ್ರಿ, ನೂಲಿಗೆ ಬಣ್ಣ ಹಾಕೋರಿಗೆ ತೋರಸಬೇಕು."

ತೆಗೆದುಕೊಟ್ಟೆ. ಆಗತಾನೆ ಬಿಡಿಸಿದ ಕಾಳಿನಂತೆ ಥಳಥಳಿಸುವ ದಾಳಿಂಬ್ರಿ ಕೆಂಪು. ಗಿರಿಜಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಏನ್ ಮಾಡೀರಿ ಇದಕ್ಕ?"

"ಸರಿ ಮಾಡೀನಿ."

"ಮೊದಲಿನಂಗ ಕೆಡಸ್ರಿ."

"ಅಷ್ಟೇ ಏನು!" ಎಂದು ಅಂಗಿಯ ತೋಳು ಮಡಚಿದೆ. ಕೆಡಿಸಬೇಕೆಂದೇ ನಾನು ಯಂತ್ರವೊಂದರ ಮುಂದೆ ಕೂತದ್ದು ಜೀವನದಲ್ಲಿ ಅದೇ ಮೊದಲು. ಏನು ಮಾಡಿದರೂ ಅದು ಸರಿಯಾಗಿಯೇ ನಡೆಯಿತು.