ರಾಯಪ್ಪನಿಗೆ ಕನ್ಯೆ ನೋಡಿದ್ದು

ಮಗಳ ಕಾಲ್ಗೆಜ್ಜೆ ಸಡಿಲಾಗಿದೆ ಎಂಬ ಚಿಂತೆ ಬೆಳಗಿನಿಂದ ಮಲ್ಲವ್ವನ ಬೆನ್ನು ಬಿಟ್ಟಿರಲಿಲ್ಲ. ಗೆಜ್ಜೆ ಸಡಿಲಾಯಿತೆಂದರೆ ಕಾಲು ಸೊರಗಿತು, ಕಾಲು ಸೊರಗಿತೆಂದರೆ ಮಗು ಸೊರಗಿತು. (ಅದರ ಮುಂದಿನದನ್ನು ಅವಳು ಯೋಚಿಸಲಾರಳು, ಯೋಚಿಸದೆಯೂ ಇರಲಾರಳು.) ನಾಲ್ಕು ವರ್ಷದ ನೀಲಾ ಮೂರು ದಿನದಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ. ಏಕೆಂದರೆ ಪಂಜರದ ಲಾವಕ್ಕಿ ರಾಯಪ್ಪ ಉಣ್ಣುತ್ತಿರಲಿಲ್ಲ. ರಾಯಪ್ಪ ಏಕೆ ಉಣ್ಣುತ್ತಿರಲಿಲ್ಲ ಎಂದರೆ, ಅವನ ಧರ್ಮಪತ್ನಿ ಗಂಗವ್ವ ಸೋಮವಾರ ಲಿಂಗೈಕ್ಯಳಾಗಿದ್ದಳು.

ರಾಯಪ್ಪ ಎರಡು ನವಣೆ ಕಾಳು ಕುಟುಕಿ ಮುಖ ತಿರುವಿದರೆ ನೀಲಾಳೂ ಎರಡು ತುತ್ತಿಗೆ ತಾಟು ಸರಿಸುವಳು. "ರಾಯಪ್ಪ ಉಂಡ ಮ್ಯಾಲೆ ಉಣತೀನಿ."

ಬಾಂದ್ರಾದ ಆಫೀಸಿಗೆ ಹೊರಟಿದ್ದ ಗಂಡ ಶಿವಪುತ್ರಪ್ಪ ಟೊಪ್ಪಿಗೆ ಇಟ್ಟುಕೊಳ್ಳುತ್ತ ಪರಿಹಾರ ಸೂಚಿಸಿದ. "ಎರಡನೇ ಸಂಬಂಧ ನೋಡೂಣು. ಗ್ರಾಂಟ್ ರೋಡಿನ ಹೋಟೆಲ್ ಮ್ಯಾನೇಜರ್ ಚೆನ್ನಯ ಲಾವಕ್ಕಿ ಸಾಕ್ಯಾನ. ಕೆಳಗ ಡಾಕ್ಟರ್ ಸಾಹೇಬ್ರ ಫೋನ್ ಐತಿ, ಒಂದ್ ಮಾತು ಕೇಳು."

"ಗಂಡಿನ ಕಡೆಯವ್ರು ನಾವು! ನಾವಾಗೇ ಫೋನ್ ಮಾಡಿದ್ರ ಏನ್ ಮರ್ಯಾದಿ ಉಳೀತು?"

"ಅದು ಗಂಡು ಅಂತ ನಿನಗ ಯಾರ್ ಹೇಳಿದ್ರು?"

"ಯಾರ್ ಯಾಕ ಹೇಳಬೇಕು? ಮೊದಲು ರಾಯಪ್ಪ ಉಣ್ಣೂದು, ಉಳಿದದ್ದು ಗಂಗವ್ವ ತಿನ್ನೂದು. ನಮ್ಮ ಮನ್ಯಾಗ ಹೆಂಗ ನಡೀತೈತಿ?"

ಶಿವಪುತ್ರಪ್ಪ ಲಗುಬಗೆಯಿಂದ ಮೆಟ್ಟಿಲು ಇಳಿದ. (ಆಗಷ್ಟೇ ಉಂಡು ಎದ್ದಿದ್ದ.)

ಫೋನು ಮಾಡುವ ಕೆಲಸ ಅವನ ಪಾಲಿಗೇ ಬಂತು. ಅದೇ ಸಂಜೆ ವರನ ದಿಬ್ಬಣ ಆಂಟಾಪ್ ಹಿಲ್ಲಿನ ಮನೆಯಿಂದ ಬಸ್ಸು, ಟ್ರಾಮು ಹತ್ತಿ ಗ್ರಾಂಟ್ ರೋಡಿಗೆ ಬಿಜಯಂಗೈದಿತು. ಮಲ್ಲವ್ವ ಇಳಕಲ್ ಸೀರೆ ಉಟ್ಟಿದ್ದಳು. ಚೆನ್ನಯ ಶೀರಾ, ಉಪ್ಪಿಟ್ಟು ತರಿಸಿ, ಹೋಟೆಲಿನ ಹಿಂದಿನ ಕೋಣೆಯಿಂದ ಕನ್ಯೆಯ ಪಂಜರ ತಂದಿಟ್ಟ.

"ಬಣ್ಣ ಸ್ವಲ್ಪ ಕಡಿಮಿ ಅನಸ್ತೈತಿ," ಮಲ್ಲವ್ವ ಬೀಗಿತಿಯ ಗತ್ತಿನಲ್ಲಿ ಕತ್ತು ಓರೆ ಮಾಡಿದಳು. "ಕಾಲೂ ಗಿಡ್ಡ."

"ಲಾವಕ್ಕಿ ಅಲ್ವಾ ಅಕ್ಕ, ಕೊಕ್ಕರೆ ಅಲ್ಲ ಮಾರಾಯ್ರೆ. ಇದರ ಅಣ್ಣನೂ ಇದ್ದಾನೆ, ಮದುವೆಯ ಪ್ರಾಯಕ್ಕೆ ಬಂದಿದ್ದಾನೆ. ಅವನನ್ನು ತರಲಾ?"

"ಗಂಡು ತಗೊಂಡು ಏನ್ ಮಾಡೂದ್ರಿ? ನಮ್ಮಲ್ಲೇ ಬಂಗಾರದಂಥಾ ಗಂಡು ಐತಿ."

ಹೀಗೆಂದು ಎರಡನೆಯ ಸಲ ಶೀರಾ ಹಾಕಿಸಿಕೊಂಡು, "ವಿಚಾರ ಮಾಡಿ ತಿಳಸ್ತೀವ್ರಿ" ಎಂದು ಎದ್ದೇಬಿಟ್ಟಳು.

"ಅಲ್ಲೇ ತಗೊಂಡು ಬರೂದಿತ್ತಲ್ಲ?" ಟ್ರಾಮಿನಲ್ಲಿ ಶಿವಪುತ್ರಪ್ಪ ಗೊಣಗಿದ.

"ನೋಡಿದ ದಿನಾನ ಹೂಂ ಅಂದ್ರ ಅಗ್ಗ ಆಗ್ತೀವಿ. ನಾಳೆ ಅವ್ರೇ ಹೇಳಿ ಕಳಸ್ತಾರ, ಸುಮ್ಕಿರ್ರಿ."

ಮರುದಿನ ಬೆಳಿಗ್ಗೆ ಚೆನ್ನಯನ ಕಡೆಯಿಂದ ಯಾರೂ ಬರಲಿಲ್ಲ. ಪಂಜರದ ಕಡೆಯಿಂದ ನೀಲಾಳ ಕೂಗು ಬಂತು. "ಅವ್ವಾ! ರಾಯಪ್ಪನ ಕೆಳಗ ಗೋಟಿ ಐತಿ!"

ಆಡುವ ಗೋಟಿಯಲ್ಲ, ಮೈತುಂಬ ಚುಕ್ಕೆಯಿದ್ದ ಮೊಟ್ಟೆ. ಅದರ ಮೇಲೆ ರಾಯಪ್ಪ ಏನೂ ತಿಳಿಯದವನಂತೆ ಕೂತಿದ್ದ.

ಶಿವಪುತ್ರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ. ಟೊಪ್ಪಿಗೆ ಬಿದ್ದರೂ ನಕ್ಕ. "ನಿನ್ನ ಬಂಗಾರದಂಥಾ ಗಂಡು ಹಡದಾನ! ಬಾಣಂತಿಗೆ ಖಾರ ಕುಟ್ಟು!"

"ನಗಬ್ಯಾಡ್ರಿ. ಹುಡುಗಿ ಇನ್ನೂ ಉಂಡಿಲ್ಲ."

"ಚೆನ್ನಯನ ಹತ್ರ ಅಣ್ಣ ಅದಾನಲ್ಲ? ಆದ್ರ ಇವತ್ತಿನಿಂದ ನಾವು ಹೆಣ್ಣಿನ ಕಡೆಯವ್ರು, ನೆನಪಿರಲಿ. ದನಿ ಸಣ್ಣ ಮಾಡ್ಕೊಂಡು ಮಾತಾಡು."

ಮಲ್ಲವ್ವ ಡಾಕ್ಟರ ದವಾಖಾನೆಗೆ ಇಳಿದಳು. ಫೋನು ಎತ್ತಿದವಳೇ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು.

"ಚೆನ್ನಯ್ಯಾರ, ನಾನ್ರೀ, ನಿನ್ನೆ ಬಂದಿದ್ದೆವಲ್ರಿ. ನಾಕ್ ಮಾತು ಹೆಚ್ಚಿಗಿ ಆಡಿದ್ದೆ, ಮನಸಿನ್ಯಾಗ ಇಟ್ಕೋಬ್ಯಾಡ್ರಿ. ನಮ್ಮ ರಾಯಪ್ಪ... ರಾಯಪ್ಪ ತತ್ತಿ ಇಟ್ಟಾನ್ರೀ."

ಆ ಕಡೆಯಿಂದ ಇಡೀ ಹೋಟೆಲೇ ನಕ್ಕ ಸದ್ದು. ಚೆನ್ನಯ ಗಂಟಲು ಸರಿಮಾಡಿಕೊಂಡು ಗಂಭೀರನಾದ.

"ನಮ್ಮ ಹುಡುಗನಿಗೆ ಸಂಬಂಧ ತುಂಬಾ ಬರ್ತಾ ಉಂಟು ಅಕ್ಕ. ನಿಮ್ಮ ಹುಡುಗಿಗೆ ಹಾಡ್ಲಿಕ್ಕೆ ಬರ್ತದಾ?"

"ಬರ್ತೈತ್ರೀ, ಚಲೋ ಹಾಡ್ತಾಳ!" ಎಂದಳು ಮಲ್ಲವ್ವ. "ಆದ್ರ ಇವತ್ತೇ ಹುಡುಗನ್ನ ಕರ್ಕೊಂಡು ಬಂದು ನೋಡಿಬಿಡ್ರಿ. ಇಲ್ಲಿ ಇಬ್ರು ಹುಡುಗ್ಯಾರು ಉಪವಾಸ ಕುಂತಾರ!"